ಹದಿನಾಲ್ಕು ಬೆತ್ತಗಳು, ಒಬ್ಬಳು ಬರಾಕಾ

ನನ್ನ ತಮ್ಮನ ಮಗಳು ಪಲ್ಲವಿ ಹೋದ ಜೂನ್‌ನಲ್ಲಿ ಹಾಸನದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಗಣಿತ ಶಿಕ್ಷಕಿಯಾಗಿ ಸೇರಿದಳು. ಎರಡನೇ ವಾರಕ್ಕೇ ಫೋನ್ ಬಂತು.

"ಅತ್ತೆ, ಬಿ.ಎಡ್.ನಲ್ಲಿ ಹೇಳಿಕೊಟ್ಟಿದ್ದು ಒಂದೂ ಇಲ್ಲಿ ಕೆಲಸಕ್ಕೆ ಬರ್ತಿಲ್ಲ. ಬೆಳಿಗ್ಗೆಯಿಂದ ಬರೀ ಆನ್‌ಲೈನ್ ಎಂಟ್ರಿ, ಸುತ್ತೋಲೆ, ಮಾಹಿತಿ ಕಳಿಸಿ, ತಕ್ಷಣ ಕಳಿಸಿ. ನಿಮ್ಮ ನೈರೋಬೀಲೂ ಹೀಗೇ ಇತ್ತಾ?"

ನಿಧಾನವಾಗಿ ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕೂತರೆ ಇಷ್ಟು ಉದ್ದವಾಯಿತು. ಸರ್ಕಾರಿ ಶಾಲೆಗೆ ಹೊಸದಾಗಿ ಸೇರುವ ಬೇರೆಯವರೂ ಬೇಕಾದರೆ ಓದಲಿ. ನನ್ನ ಬಡ್ತಿಗಳ ವಿಷಯ ಇದರಲ್ಲಿಲ್ಲ. ಅವು ಬಂದವು, ತಡವಾಗಿ ಬಂದವು, ಅಷ್ಟೆ.

ನಾನು ಮೈಸೂರಿನಲ್ಲಿ ಓದು ಮುಗಿಸಿ, ಮದುವೆಯಾಗಿ ನೈರೋಬಿಗೆ ಬಂದವಳು. ನಮ್ಮ ಯಜಮಾನರು ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್. ಕೆಲವು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಹೇಳಿ, ಇಲ್ಲಿನ ಪೌರತ್ವ ಸಿಕ್ಕ ಮೇಲೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದೆ. ಪಂಗಾನಿಯ ಆಚೆಗಿನ ಬಡವರ ಕೇರಿಯ ಒಂದು ಪ್ರಾಥಮಿಕ ಶಾಲೆಗೆ ಹಾಕಿದರು. ನಾವಿದ್ದ ಕಿಲೆಲೆಶ್ವಾ ಬಡಾವಣೆಯ ಕನ್ನಡದ ಗೆಳತಿಯರು ಗಾಬರಿಯಾದರು. "ಅಲ್ಲಿಗಾ? ಸ್ಪ್ರಿಂಗ್ ವ್ಯಾಲಿ ಕಡೆ ಯಾವುದಾದ್ರೂ ಇಂಟರ್‌ನ್ಯಾಷನಲ್ ಸ್ಕೂಲ್ ಟ್ರೈ ಮಾಡಬಾರ್ದಿತ್ತಾ?" ಎಂದರು. ಅಂಥ ಶಾಲೆಯಲ್ಲಿ ನಾನು ಆಗಲೇ ಆರು ವರ್ಷ ಸವೆಸಿದ್ದೆ. ಅಲ್ಲಿ ತಂದೆತಾಯಿಗಳೇ ಕಾನೂನು. ಸರ್ಕಾರಿ ಶಾಲೆಯಲ್ಲಿ ಕಾನೂನು ಕಾಗದದ ಮೇಲಿರುತ್ತದೆ, ಓದಿಕೊಂಡರೆ ಬದುಕಬಹುದು ಎಂದು ನನ್ನ ಲೆಕ್ಕ.

ಓದಿಕೊಳ್ಳುವ ಭಾಗ್ಯ ಮೊದಲ ದಿನವೇ ಬಂತು. ಮುಖ್ಯೋಪಾಧ್ಯಾಯರು ಒಟಿಯೆನೊ ಎಂಬುವರು. ದಪ್ಪ ದೇಹ, ಮೆಲು ದನಿ, ಎಂಥ ಸೆಖೆಯಲ್ಲೂ ಕೋಟು. ಅವರು ಒಂದು ಗೇಣು ದಪ್ಪದ ಫೈಲನ್ನು ತಂದು ನನ್ನ ಮಡಿಲಿಗೆ ಇಳಿಸಿದರು. ಅದರ ತುಂಬ ಇಲಾಖೆಯ ಸುತ್ತೋಲೆಗಳು.

"ಮ್ವಾಲಿಮು ಸುಮಿತ್ರಾ, ಇದು ಇನ್ನು ಮೇಲೆ ನಿಮ್ಮದು." ಮ್ವಾಲಿಮು ಎಂದರೆ ಮೇಷ್ಟ್ರು, ಹೆಂಗಸಿಗೂ ಅದೇ ಪದ.

"ನನಗೇ ಯಾಕೆ, ಸರ್?"

"ನಿಮಗೆ ಈ ದೇಶದ ಯಾವ ಆಫೀಸಿನಲ್ಲೂ ನೆಂಟರಿಲ್ಲ. ನೆಂಟರಿರೋರು ಸುತ್ತೋಲೆ ಓದಲ್ಲ, ಫೋನ್ ಮಾಡ್ತಾರೆ."

ಅವರಾಡಿದ್ದು ಇಂಗ್ಲಿಷ್ ಮತ್ತು ಸ್ವಾಹಿಲಿಯ ಬೆರಕೆಯಲ್ಲಿ. ಇಲ್ಲಿ ಎಲ್ಲರ ಮಾತನ್ನೂ ಕನ್ನಡ ಮಾಡಿಕೊಂಡಿದ್ದೇನೆ. ಅವರು ಹೇಳಿಕೊಟ್ಟ ಇನ್ನೊಂದು ವಿಷಯವನ್ನು ಪಲ್ಲವಿ ಬರೆದಿಟ್ಟುಕೊಳ್ಳಬೇಕು. "ನಿಯಮ ತಪ್ಪು ಅನ್ನಿಸಿದ್ರೆ ಮುರೀಬೇಡಿ. ಅಕ್ಷರ ಬಿಡದೆ ಪಾಲಿಸಿ. ಅದನ್ನ ಬರೆದೋರೇ ಓಡಿ ಬರ್ತಾರೆ." ಆಗ ನನಗೆ ಇದು ತಮಾಷೆ ಎನ್ನಿಸಿತು. ಅವರು ತಮಾಷೆ ಮಾಡುವವರಲ್ಲ ಎಂದು ಬೆತ್ತದ ಪ್ರಕರಣದಲ್ಲಿ ಗೊತ್ತಾಯಿತು.

ಶಾಲೆಗಳಲ್ಲಿ ಮಕ್ಕಳಿಗೆ ಹೊಡೆಯುವುದನ್ನು ಸರ್ಕಾರ ನಿಷೇಧಿಸಿದ ಕಾಲ. ಶಾಲೆಯಲ್ಲಿರುವ ಎಲ್ಲ ಬೆತ್ತಗಳನ್ನೂ ತಕ್ಷಣ ನಾಶಪಡಿಸಿ ವರದಿ ಕಳಿಸಿ ಎಂದು ಒಂದು ಸುತ್ತೋಲೆ ನಮ್ಮ ಶಾಲೆಗೆ ಬಂತು. ಬೇರೆ ಶಾಲೆಯವರು ಬೆತ್ತಗಳನ್ನು ಅಟ್ಟಕ್ಕೆ ಎಸೆದು "ನಾಶಪಡಿಸಲಾಗಿದೆ" ಎಂದು ಬರೆದು ಕೈತೊಳೆದುಕೊಂಡರು. ಒಟಿಯೆನೊ ಅವರು ದಾಸ್ತಾನು ಪುಸ್ತಕ ತೆಗೆಸಿದರು. ಹಿಂದೆ ಯಾರೋ ಪುಣ್ಯಾತ್ಮರು ಅದರಲ್ಲಿ ದುಂಡಗೆ ಬರೆದಿದ್ದರು: ಬೆತ್ತ, ಹದಿನಾಲ್ಕು, ಸುಸ್ಥಿತಿಯಲ್ಲಿವೆ.

"ದಾಸ್ತಾನಿನ ವಸ್ತು ನಾಶಪಡಿಸೋದಕ್ಕೆ ಏನು ನಿಯಮ, ಮ್ವಾಲಿಮು?"

ನನ್ನ ಫೈಲಿನಲ್ಲಿ ಅದೂ ಇತ್ತು. ಮೂವರು ಅಧಿಕಾರಿಗಳು ಬಂದು ಪರಿಶೀಲಿಸಬೇಕು. ಬಳಕೆಗೆ ಬಾರದಷ್ಟು ಹಾಳಾದ ವಸ್ತುವನ್ನು ಮಾತ್ರ ನಾಶಪಡಿಸಬಹುದು. ಎರಡೂ ಸುತ್ತೋಲೆಗಳ ಪ್ರತಿ ಲಗತ್ತಿಸಿ, ದಯವಿಟ್ಟು ಮೂವರನ್ನು ಕಳಿಸಿಕೊಡಿ ಎಂದು ಪತ್ರ ಬರೆದೆವು. ಉತ್ತರವಿಲ್ಲ. ನೆನಪೋಲೆ ಬರೆದೆವು. ಅಷ್ಟರಲ್ಲಿ ತಪಾಸಣೆಗೆ ಬಂದ ಒಬ್ಬರು ಕಪಾಟಿನಲ್ಲಿ ಬೆತ್ತ ಕಂಡು ಕೂಗಾಡಿದರು. ಒಟಿಯೆನೊ ಅವರು ಪತ್ರಗಳ ಪ್ರತಿಯನ್ನು ಅವರ ಮುಂದಿಟ್ಟು, "ನಾವೂ ಕಾಯ್ತಾ ಇದ್ದೀವಿ, ಸರ್" ಎಂದರು.

ಕೊನೆಗೂ ಮೂವರು ಬಂದರು. ಅಂಗಳದ ಜಕರಾಂಡಾ ಮರದ ಕೆಳಗೆ ಬೆಂಚು ಹಾಕಿದೆವು. ಹಿರಿಯ ಅಧಿಕಾರಿ ಒಂದು ಬೆತ್ತವನ್ನು ಬಾಗಿಸಿ ನೋಡಿ, "ಇದು ಚೆನ್ನಾಗೇ ಇದೆಯಲ್ಲ" ಎಂದರು.

"ಹೌದು ಸರ್" ಎಂದರು ಒಟಿಯೆನೊ. "ಅದೇ ತೊಂದರೆ. ಚೆನ್ನಾಗಿರೋದನ್ನ ನಾಶ ಮಾಡೋ ಹಾಗಿಲ್ಲ. ಬೇರೆ ಶಾಲೆಗೆ ವರ್ಗಾಯಿಸಬೇಕು."

"ವರ್ಗಾಯಿಸೋದಾ? ಬೆತ್ತಾನೇ ನಿಷೇಧ ಆಗಿದೆ."

"ಅದಕ್ಕೇ ನಿಮ್ಮನ್ನ ಕರೆಸಿದ್ದು."

ಮೂವರೂ ತಲೆ ತಲೆ ಸೇರಿಸಿ ಮಾತಾಡಿಕೊಂಡರು. ಆಮೇಲೆ ಹಿರಿಯರು ಕೋಟು ಕಳಚಿ, ಬೆತ್ತವನ್ನು ಮೊಣಕಾಲಿಗೆ ಒತ್ತಿ ಪಟ್ಟನೆ ಮುರಿದರು. "ಬರೆದುಕೊಳ್ಳಿ, ಹಾಳಾಗಿದೆ" ಎಂದರು. ಎರಡನೆಯದನ್ನು ಕಿರಿಯರು ಮುರಿದರು. ಆಗ ತರಗತಿಯ ಕಿಟಕಿಗಳಿಂದ ಸಣ್ಣದಾಗಿ ಒಂದು ದನಿ ಎದ್ದಿತು. ಮಕ್ಕಳು ಎಣಿಸುತ್ತಿದ್ದರು. ಮೋಜಾ, ಮ್ಬಿಲಿ, ತಾತು. ಒಂದು, ಎರಡು, ಮೂರು. ಬೆನ್ನ ಮೇಲೆ ಏಟು ಬೀಳುವಾಗ ಎಣಿಸುವ ಅದೇ ರಾಗ. ಬೆತ್ತದಿಂದ ಬೆತ್ತಕ್ಕೆ ದನಿ ಜೋರಾಯಿತು. ಮಕ್ಕಳನ್ನು ಸುಮ್ಮನಿರಿಸಿ ಎಂದು ಯಾರೂ ಹೇಳಲಿಲ್ಲ.

ಒಂಬತ್ತನೆಯ ಬೆತ್ತ ನನ್ನದು. ಬೇರೆಯವರು ಒಯ್ಯದಿರಲೆಂದು ಅದರ ಹಿಡಿಗೆ ನಾನೇ ಕೆಂಪು ದಾರ ಸುತ್ತಿದ್ದೆ. ನನ್ನ ತರಗತಿಯ ಮಕ್ಕಳಿಗೆ ಆ ದಾರ ಗೊತ್ತು. ಅದು ಮುರಿದಾಗ ಅವರ ಕಿಟಕಿಯಿಂದ ಬಂದ "ಟಿಸಾ" ಎಂಬ ಕೂಗು ಉಳಿದವಕ್ಕಿಂತ ಜೋರಾಗಿತ್ತು. ನಾನು ನನ್ನ ಚಪ್ಪಲಿ ನೋಡುತ್ತ ನಿಂತೆ.

ಬೆತ್ತ ಹೋದ ಮೊದಲ ತಿಂಗಳು ನಾನು ಬರೀ ಕೂಗಿದೆ. ಗಂಟಲು ಕಟ್ಟಿತು. ಕಟ್ಟಿದ ವಾರ ಬೇರೆ ದಾರಿಯಿಲ್ಲದೆ ಪಿಸುಮಾತಿನಲ್ಲಿ ಭಿನ್ನರಾಶಿ ಹೇಳಿಕೊಟ್ಟೆ. ಆ ತರಗತಿ ಅಷ್ಟು ನಿಶ್ಶಬ್ದವಾಗಿ ಹಿಂದೆಂದೂ ಕೂತಿರಲಿಲ್ಲ. ಗಂಟಲು ಸರಿಯಾದ ಮೇಲೂ ಇನ್ನೊಂದು ವಾರ ಸರಿಯಾಗಿಲ್ಲ ಎಂದೇ ನಟಿಸಿದೆ.

ಆಮೇಲೆ ಪ್ರಾಥಮಿಕ ಶಿಕ್ಷಣ ಉಚಿತವಾಯಿತು. ಇಬ್ಬರು ಕೂರುವ ಬೆಂಚಿನಲ್ಲಿ ನಾಲ್ವರು, ಕಿಟಕಿಯ ಕಟ್ಟೆಯ ಮೇಲೆ ಆರು ಜನ. ಬಂದ ಯಾವ ಮಗುವನ್ನೂ ವಾಪಸು ಕಳಿಸಬಾರದು ಎಂದು ಒಂದು ಸುತ್ತೋಲೆ. ತರಗತಿಯಲ್ಲಿ ಮಿತಿಗಿಂತ ಹೆಚ್ಚು ಮಕ್ಕಳಿರಬಾರದು ಎಂದು ಇನ್ನೊಂದು. ಒಟಿಯೆನೊ ಅವರು ಎರಡನ್ನೂ ಅಕ್ಕಪಕ್ಕ ನೋಟಿಸ್ ಬೋರ್ಡಿಗೆ ಚುಚ್ಚಿಸಿದರು, ಮೇಲೊಂದು ಮಾತಿಲ್ಲದೆ. ತಪಾಸಣೆಗೆ ಬಂದವರು ನಿಂತು ಎರಡನ್ನೂ ಓದುತ್ತಿದ್ದರು, ಟೀ ಕುಡಿಯುತ್ತಿದ್ದರು, ಹೋಗುತ್ತಿದ್ದರು.

ಒಟಿಯೆನೊ ಅವರು ನಿವೃತ್ತರಾದರು. ಬಹಳ ವರ್ಷಗಳ ನಂತರ ಅದೇ ಕುರ್ಚಿಗೆ ನಾನು ಬಂದೆ. ಅಷ್ಟರಲ್ಲಿ ಕಾಗದ ಹೋಗಿ ಕಂಪ್ಯೂಟರ್ ಬಂದಿತ್ತು. ಕಾಗದದ ಕಾಲದಲ್ಲಿ ತಪ್ಪಾದರೆ ಅಡ್ಡಗೆರೆ ಎಳೆದು, ಮೇಲೆ ಬರೆದು, ಸಹಿ ಹಾಕಿದರೆ ಮುಗಿಯುತ್ತಿತ್ತು. ಕಂಪ್ಯೂಟರಿನಲ್ಲಿ ಅಡ್ಡಗೆರೆ ಎಳೆಯಲು ಜಾಗವಿಲ್ಲ. ಇದು ನನಗೆ ಅರ್ಥವಾದದ್ದು ಬರಾಕಾ ಎಂಬ ಹುಡುಗಿಯಿಂದ.

ಎಂಟನೇ ತರಗತಿಯ ಮಕ್ಕಳನ್ನು ಪಬ್ಲಿಕ್ ಪರೀಕ್ಷೆಗೆ ನೋಂದಾಯಿಸುವ ಕೊನೆಯ ದಿನ. ಶಾಲೆಯಲ್ಲಿ ಇಂಟರ್ನೆಟ್ ಸತ್ತಿತ್ತು. ಪಕ್ಕದ ರಸ್ತೆಯ ಸೈಬರ್ ಅಂಗಡಿಯಲ್ಲಿ ಕೂತು ನಾನೇ ಹೆಸರುಗಳನ್ನು ತುಂಬಿದೆ. ನಮ್ಮಲ್ಲಿ ಇಬ್ಬರು ಬರಾಕಾ ಇದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಸ್ವಾಹಿಲಿಯಲ್ಲಿ ಆಶೀರ್ವಾದ ಎಂದು ಅರ್ಥ, ಗಂಡಿಗೂ ಇಡುತ್ತಾರೆ, ಹೆಣ್ಣಿಗೂ ಇಡುತ್ತಾರೆ. ಇಬ್ಬರಿಗೂ "ಗಂಡು" ಎಂದು ಒತ್ತಿಬಿಟ್ಟೆ. ಅದನ್ನು ಮುದ್ರಿಸಿ ಮಾರನೆಯ ದಿನ ತಾಯಂದಿರಿಂದ ಸಹಿ ಹಾಕಿಸಿದೆ. ಬರಾಕಾಳ ತಾಯಿ, ಮಾಮಾ ಬರಾಕಾ ಎಂದೇ ಎಲ್ಲರೂ ಕರೆಯುತ್ತಿದ್ದ ತರಕಾರಿ ಮಾರುವ ಹೆಂಗಸು, "ನೀವು ನೋಡಿದ್ದೀರಲ್ಲ ಮ್ವಾಲಿಮು, ಸಾಕು" ಎಂದು ನಾನು ತೋರಿಸಿದ ಕಡೆ ಸಹಿ ಹಾಕಿದಳು. ಕೆಳಗೆ ಮುಖ್ಯೋಪಾಧ್ಯಾಯಿನಿ ಎಂದು ನಾನು ಹಾಕಿದೆ.

ಫಲಿತಾಂಶ ಬಂತು. ಇಡೀ ಶಾಲೆಗೆ ಬರಾಕಾ ಮೊದಲು. ಅಂಕಗಳ ಪ್ರಕಾರ ಯಾರು ಯಾವ ಪ್ರೌಢಶಾಲೆಗೆ ಎಂದು ಸರ್ಕಾರದ ಕಂಪ್ಯೂಟರೇ ಹಂಚುತ್ತದೆ. ಆ ಹಂಚಿಕೆಯ ಪಟ್ಟಿ ಬಂದ ಬೆಳಿಗ್ಗೆ ಮಾಮಾ ಬರಾಕಾ ಮಗಳನ್ನು ಕರೆದುಕೊಂಡು, ಫೋನ್ ಹಿಡಿದು ನನ್ನ ಕೋಣೆಗೆ ಬಂದಳು.

"ಮ್ವಾಲಿಮು, ಇದು ಗಂಡು ಹುಡುಗರ ಹಾಸ್ಟೆಲ್ ಶಾಲೆ ಅಂತ ಎಲ್ಲರೂ ನಗ್ತಿದಾರೆ. ನಿಜಾನಾ?"

ನಿಜವೇ. ನೈರೋಬಿಯಿಂದ ಮೂರು ಗಂಟೆ ದೂರದ ಒಳ್ಳೆಯ ಶಾಲೆ, ಬರೀ ಹುಡುಗರದು. ನೋಂದಣಿಯ ಪ್ರತಿ ತೆಗೆದು ನೋಡಿದೆ. ನಾನು ಒತ್ತಿದ ಅಕ್ಷರ ಅಲ್ಲೇ ಕೂತಿತ್ತು. ಕಂಪ್ಯೂಟರ್ ತಪ್ಪು ಮಾಡಿದೆ ಎನ್ನಬಹುದಿತ್ತು. ಆ ತಾಯಿ ನಂಬುತ್ತಿದ್ದಳು, ನನ್ನ ನಿವೃತ್ತಿಗೂ ಒಂದೇ ವರ್ಷವಿತ್ತು. ಬಾಯಿಗೆ ಬಂದಿದ್ದ ಆ ಮಾತನ್ನು ನುಂಗಿಕೊಳ್ಳಲು ನನಗೆ ತುಸು ಹೊತ್ತೇ ಬೇಕಾಯಿತು.

"ತಪ್ಪು ನನ್ನದು, ಮಾಮಾ ಬರಾಕಾ. ಹೆಣ್ಣು ಅಂತ ಒತ್ತೋ ಕಡೆ ಗಂಡು ಅಂತ ಒತ್ತಿದೀನಿ. ಪೋಲೆ ಸಾನಾ. ಕ್ಷಮಿಸಿ."

ಅವಳು ನನ್ನನ್ನೇ ನೋಡಿದಳು. "ಇವಳನ್ನ ಹೆತ್ತಾಗ ನರ್ಸು ಒಂದೇ ಸಲ ನೋಡಿ ಹೇಳಿದ್ಲು, ಮ್ವಾಲಿಮು. ನಿಮ್ಮ ಹತ್ರ ಎಂಟು ವರ್ಷ ಇದ್ಲು."

ಬರಾಕಾ ಮಾತ್ರ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ತಾಯಿ ನಗುವ ಸ್ಥಿತಿಯಲ್ಲಿರಲಿಲ್ಲ. ವಾರದೊಳಗೆ ಶಾಲೆಗೆ ಹೋಗಿ ಹಾಜರಾಗದಿದ್ದರೆ ಸೀಟು ಹೋಗುತ್ತದೆ. ಊರಿನಲ್ಲಿ ಅಂಗಡಿ ಇಟ್ಟಿದ್ದ ಆ ತಾಯಿಯ ಅಣ್ಣ, ಹುಡುಗಿ ಒಂದು ವರ್ಷ ಅಂಗಡಿಯಲ್ಲಿ ಕೂರಲಿ, ಮುಂದಿನ ವರ್ಷ ನೋಡೋಣ ಎಂದು ಆಗಲೇ ಹೇಳಿ ಕಳಿಸಿದ್ದ. ಹಾಗೆ ಒಂದು ವರ್ಷ ಕೂತ ಹುಡುಗಿಯರನ್ನು ನಾನು ಬಲ್ಲೆ. ಅವರಲ್ಲಿ ವಾಪಸು ಬಂದವರು ನನಗೆ ನೆನಪಿಲ್ಲ.

ಶಿಕ್ಷಣಾಧಿಕಾರಿಯ ಕಚೇರಿಗೆ ಓಡಿದೆ. ಅಧಿಕಾರಿ ಒಳ್ಳೆಯ ಹುಡುಗ, ನನ್ನ ಮಗಳ ವಯಸ್ಸು.

"ತಿದ್ದುಪಡಿಯ ಅವಧಿ ಮುಗಿದಿದೆ, ಮೇಡಂ. ಬೇರೆ ಶಾಲೆಗೆ ಹೋಗಬೇಕು ಅಂದ್ರೆ ಮೊದಲು ಸೀಟು ಸಿಕ್ಕಿರೋ ಶಾಲೇಲಿ ಹಾಜರಾಗಬೇಕು. ಅವರು ಸೇರಿಸಿಕೊಂಡು, ಆಮೇಲೆ ಬಿಡುಗಡೆ ಮಾಡಬೇಕು."

"ಅದು ಹುಡುಗರ ಶಾಲೆ. ಇವಳು ಹುಡುಗಿ."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ಹುಡುಗ. ನೀವೇ ಸಹಿ ಹಾಕಿದೀರಿ. ತಾಯಿಯೂ ಹಾಕಿದಾರೆ. ಬದಲಾಯಿಸೋ ಬಟನ್ ನನ್ನ ಹತ್ರ ಇಲ್ಲ, ಮೇಡಂ. ಇದ್ದಿದ್ರೆ ಒತ್ತುತ್ತಿದ್ದೆ."

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಏನ್ರೀ, ನಾನು ಒಂದು ಹುಡುಗೀನ ಹುಡುಗ ಮಾಡಿಬಿಟ್ಟೆ."

ಅವರು ಪೇಪರ್ ಇಳಿಸಿದರು. "ನಮ್ಮ ಫ್ಯಾಕ್ಟರೀಲಿ ಲೇಬಲ್ ತಪ್ಪಾದ್ರೆ ಇಡೀ ಬ್ಯಾಚ್ ರೀಕಾಲ್ ಮಾಡ್ತೀವಿ. ನಿಮ್ಮಲ್ಲಿ ಏನ್ ಮಾಡ್ತೀರ?"

"ತಪ್ಪು ಲೇಬಲ್ ಪ್ರಕಾರವೇ ಡೆಲಿವರಿ ಮಾಡ್ತೀವಿ" ಎಂದೆ. ಹೇಳಿದ ಮೇಲೆ ಆ ಮಾತು ತಲೆಯಲ್ಲೇ ನಿಂತಿತು. ಎದ್ದು ಸುತ್ತೋಲೆಗಳ ಫೈಲ್ ತೆಗೆದೆ. ಆ ವರ್ಷದ ಪ್ರವೇಶದ ಸುತ್ತೋಲೆಯಲ್ಲಿ ಒಂದು ವಾಕ್ಯ ದಪ್ಪಕ್ಷರದಲ್ಲಿತ್ತು: ಸೀಟು ಹಂಚಿಕೆಯಾದ ಮಗು ಹಾಜರಾದರೆ ಯಾವುದೇ ಕಾರಣಕ್ಕೂ ನಿರಾಕರಿಸುವಂತಿಲ್ಲ, ನಿರಾಕರಿಸಿದ ಪ್ರಾಂಶುಪಾಲರ ಮೇಲೆ ಕ್ರಮ ಜರುಗಿಸಲಾಗುವುದು.

ಮೂರನೇ ದಿನ ಬೆಳಿಗ್ಗೆ ನಾವು ಮೂವರೂ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿದೆವು. ಜೊತೆಗೆ ಸುರುಳಿ ಸುತ್ತಿದ ಹಾಸಿಗೆ, ತಗಡಿನ ಟ್ರಂಕು, ಬಕೆಟ್ಟು. ಹಾಸ್ಟೆಲಿಗೆ ತರಬೇಕಾದ ಸಾಮಾನಿನ ಪಟ್ಟಿಯನ್ನು ಆ ಶಾಲೆ ಕಳಿಸಿತ್ತು. ಅದರಲ್ಲಿ ಬೂದು ಪ್ಯಾಂಟ್ ಎರಡು, ಗಂಡಸರ ಒಳಚಡ್ಡಿ ಆರು. "ಇವನ್ನ ಬಿಟ್ಟು ಉಳಿದಿದ್ದೆಲ್ಲ ತಂದಿದೀನಿ" ಎಂದಳು ಮಾಮಾ ಬರಾಕಾ, ನನ್ನ ಮುಖ ನೋಡದೆ.

ಗೇಟಿನಲ್ಲಿ ಕಾವಲುಗಾರ ಬರಾಕಾಳನ್ನು ಕೇಳಿದ, "ಅಣ್ಣನ್ನ ಬಿಡೋಕೆ ಬಂದ್ಯಾ?"

"ಇಲ್ಲ. ನಾನೇ ಸೇರೋಕೆ ಬಂದಿದೀನಿ."

ಅವನು ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ತನಗೆ ಸಂಬಂಧವಿಲ್ಲ ಎಂಬಂತೆ ಗೇಟು ತೆಗೆದ. ಟ್ರಂಕು ಹಿಡಿದ ಹುಡುಗರ ಸಾಲಿನಲ್ಲಿ ಲಂಗ ತೊಟ್ಟ ಒಬ್ಬಳೇ ನಿಂತಾಗ ಆ ಸಾಲು ಇದ್ದಕ್ಕಿದ್ದಂತೆ ನೆಟ್ಟಗಾಯಿತು.

ಪ್ರಾಂಶುಪಾಲರು ಕೋರಿರ್ ಎಂಬುವರು. ಎತ್ತರದ ಆಳು, ಮುಖದಲ್ಲಿ ನಗುವಿನ ಸುಳಿವಿಲ್ಲ. ಪತ್ರ ನೋಡಿದರು, ಬರಾಕಾಳನ್ನು ನೋಡಿದರು.

"ಇದು ಹುಡುಗರ ಶಾಲೆ."

"ಗೊತ್ತು ಸರ್. ತಪ್ಪು ನನ್ನದೇ" ಎಂದು ನಡೆದದ್ದನ್ನೆಲ್ಲ ಹೇಳಿ, ಸುತ್ತೋಲೆಯನ್ನು ಅವರ ಮುಂದಿಟ್ಟೆ. ದಪ್ಪಕ್ಷರದ ವಾಕ್ಯದ ಕೆಳಗೆ ಪೆನ್ಸಿಲಿನ ಗೆರೆ ಎಳೆದಿದ್ದೆ.

ಅವರು ಎರಡು ಸಲ ಓದಿದರು. "ಹೋದ ವರ್ಷ ನನಗೆ ಮಂಚಕ್ಕಿಂತ ಹೆಚ್ಚು ಹುಡುಗರನ್ನ ಕಳಿಸಿದ್ರು. ಮಲಗಿಸೋಕೆ ಜಾಗ ಇಲ್ಲ ಅಂತ ಬರೆದ್ರೆ, ಇದೇ ವಾಕ್ಯ ವಾಪಸು ಬರೆದ್ರು." ಆಮೇಲೆ ಪ್ರವೇಶ ಪುಸ್ತಕ ಎಳೆದುಕೊಂಡರು. "ಹಾಗಾದ್ರೆ ಸೇರಿಸಿಕೊಳ್ಳಲೇಬೇಕು. ಹೆಸರು ಹೇಳಮ್ಮ."

ಮಾಮಾ ಬರಾಕಾ ನನ್ನ ತೋಳು ಹಿಡಿದಳು. ನಾನು ಅವಳ ಕೈ ಒತ್ತಿ ಸುಮ್ಮನಿರು ಎಂದೆ. ಮುಂದೆ ಏನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಕೋರಿರ್ ಅವರು ಬರಾಕಾಳಿಗೆ ಪ್ರವೇಶ ಸಂಖ್ಯೆ ಕೊಟ್ಟರು. "ಸೇರಿದ ಮೇಲೆ ಪಾಠ ತಪ್ಪಿಸೋ ಹಾಗಿಲ್ಲ" ಎಂದು ಒಬ್ಬ ಶಿಕ್ಷಕಿಯ ಜೊತೆ ಗಣಿತದ ತರಗತಿಗೆ ಕಳಿಸಿದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಇಲಾಖೆಗೆ ಹೀಗೆ ಪತ್ರ ಬರೆದರು: ತಮ್ಮ ಸುತ್ತೋಲೆಯಂತೆ ಈ ದಿನ ಒಬ್ಬ ವಿದ್ಯಾರ್ಥಿನಿಯನ್ನು ಸೇರಿಸಿಕೊಂಡಿದ್ದೇನೆ. ಹೆಣ್ಣುಮಕ್ಕಳ ವಸತಿಗೆ ಪ್ರತ್ಯೇಕ ಕಟ್ಟಡ, ಶೌಚಾಲಯ ಮತ್ತು ಮೇಲ್ವಿಚಾರಕಿ ಕಡ್ಡಾಯವೆಂದು ತಮ್ಮದೇ ಇನ್ನೊಂದು ಸುತ್ತೋಲೆ ಹೇಳುತ್ತದೆ. ಇವನ್ನು ಇಂದು ಸಂಜೆ ಆರು ಗಂಟೆಯೊಳಗೆ ಒದಗಿಸಬೇಕಾಗಿ ಕೋರಿಕೆ. ಪತ್ರ ಕಳಿಸಿ, ಫೋನನ್ನು ಸ್ಪೀಕರಿಗೆ ಹಾಕಿ, ನೈರೋಬಿಯ ಮೇಲಧಿಕಾರಿಯೊಬ್ಬರಿಗೆ ಕರೆ ಮಾಡಿದರು.

"ಏನ್ರೀ ಇದು, ಕೋರಿರ್? ಸೇರಿಸಿಕೊಳ್ಳಬೇಡಿ" ಎಂದಿತು ಫೋನು.

"ಆಗಲೇ ಸೇರಿಸಿಕೊಂಡಿದೀನಿ, ಸರ್. ಮಗುವನ್ನ ನಿರಾಕರಿಸಿ ಅಂತ ನೀವು ಬರವಣಿಗೇಲಿ ಕೊಟ್ರೆ ನಿರಾಕರಿಸ್ತೀನಿ."

"ಹಾಗಾದ್ರೆ ಬಿಡುಗಡೆ ಮಾಡಿ."

"ಎಲ್ಲಿಗೆ, ಸರ್? ದಾಖಲೇಲಿ ಇವಳು ಹುಡುಗ. ಹುಡುಗೀರ ಶಾಲೆಯವರು ಹುಡುಗನ್ನ ತಗೊಳ್ಳಲ್ಲ. ತಗೊಂಡ್ರೆ ಅವರೂ ನಿಮಗೇ ಪತ್ರ ಬರೀತಾರೆ."

"ಒಂದು ಗಂಟೆ ಟೈಮ್ ಕೊಡಿ."

ಅಷ್ಟೂ ಬೇಕಾಗಲಿಲ್ಲ. ಮುಗಿದುಹೋಗಿದ್ದ ತಿದ್ದುಪಡಿಯ ಅವಧಿ ನಲವತ್ತು ನಿಮಿಷದಲ್ಲಿ ಮತ್ತೆ ಶುರುವಾಯಿತು. ಪರದೆಯ ಮೇಲೆ ಬರಾಕಾ ಹೆಣ್ಣಾದಳು. ಕೆಳಗೆ ನೈರೋಬಿಯ ಹತ್ತಿರದ ಒಂದು ಒಳ್ಳೆಯ ಹುಡುಗಿಯರ ಶಾಲೆಯ ಹೆಸರು ಬಂತು. ಮಾಮಾ ಬರಾಕಾ ಎದ್ದು ಬಂದು ಪರದೆಗೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ಪಕ್ಕದಲ್ಲಿ ನಾನು ನಿಂತಿದ್ದರೂ ಇದು ಸರಿಯೇ ಎಂದು ನನ್ನನ್ನು ಕೇಳಲಿಲ್ಲ. ಕೇಳದಿದ್ದದ್ದು ನ್ಯಾಯವಾಗಿಯೇ ಇತ್ತು. ಓದಿ ಮುಗಿಸಿ ಅಲ್ಲೇ ಕುರ್ಚಿಗೆ ಒರಗಿ ಅತ್ತಳು.

ತರಗತಿಯಿಂದ ಬರಾಕಾಳನ್ನು ಕರೆತಂದ ಗಣಿತ ಮೇಷ್ಟ್ರು, "ಇವಳನ್ನ ಇನ್ನೊಂದು ವಾರ ಇಟ್ಟುಕೊಳ್ಳೋಕಾಗಲ್ವಾ ಸರ್? ನಮ್ಮ ಹುಡುಗರು ಇವತ್ತು ಮೊದಲನೇ ಸಲ ಹೋಮ್‌ವರ್ಕ್ ತಾವಾಗೇ ಕೇಳಿದ್ರು" ಎಂದರು.

ಕೋರಿರ್ ಅವರ ಕೆಲಸ ಇನ್ನೂ ಮುಗಿದಿರಲಿಲ್ಲ. ಪ್ರವೇಶ ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಶಾಲೆ ಬಿಡುವ ವಿದ್ಯಾರ್ಥಿಗೆ ಪ್ರಮಾಣಪತ್ರ ಕೊಡದೆ ಕಳಿಸುವಂತಿಲ್ಲ. ತುಂಬತೊಡಗಿದರು. ಹಾಜರಾತಿ: ಒಂದು ದಿನ. ನಡತೆ: ಉತ್ತಮ. ಶಾಲೆ ಬಿಡಲು ಕಾರಣ ಎಂಬಲ್ಲಿ ಪೆನ್ನು ಎತ್ತಿ ಸ್ವಲ್ಪ ಯೋಚಿಸಿದರು. ಆಮೇಲೆ ಬರೆದರು: ಹುಡುಗಿ. ಅಲ್ಲಿಯವರೆಗೆ ನಗದ ಮನುಷ್ಯ ಆಗ ನಕ್ಕರು. ಬರಾಕಾ ಬೆಳಿಗ್ಗೆಯಿಂದ ತಡೆದದ್ದನ್ನೆಲ್ಲ ಸೇರಿಸಿ ನಕ್ಕಳು.

ಬರಾಕಾ ಆ ಹುಡುಗಿಯರ ಶಾಲೆ ಮುಗಿಸಿ ಈಗ ಕಾಲೇಜಿನಲ್ಲಿ ಸರ್ವೇ ಕಲಿಯುತ್ತಿದ್ದಾಳೆ. ಒಂದು ದಿನದ ಆ ಪ್ರಮಾಣಪತ್ರವನ್ನು ಅವಳ ತಾಯಿ ಯಾರಿಗೂ ಕೊಟ್ಟಿಲ್ಲ.

ನನ್ನ ತಪ್ಪಿನ ವಿಚಾರಣೆ ಉಳಿದಿತ್ತು. ಎರಡು ತಿಂಗಳ ನಂತರ, ವಿದ್ಯಾರ್ಥಿನಿಯೊಬ್ಬಳನ್ನು ಗಂಡು ಎಂದು ದಾಖಲಿಸಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕಾರಣ ಕೇಳಿ ನೋಟಿಸ್ ಬಂತು. ನಿವೃತ್ತಿಯ ಹೊಸ್ತಿಲಲ್ಲಿ ಬಂದ ಅಂಥ ಕಾಗದವನ್ನು ಒಂದೇ ಸಲ ಓದಿ ಬಿಡುವಂತಿಲ್ಲ. ಎರಡನೇ ಸಲ ಓದುವಾಗ ವಿಳಾಸ ಕಣ್ಣಿಗೆ ಬಿತ್ತು. "ಶ್ರೀಮಾನ್ ಸುಮಿತ್ರಾ ಅವರಿಗೆ" ಎಂದಿತ್ತು.

ಉತ್ತರ ಬರೆದೆ. ಮೊದಲ ಪರಿಚ್ಛೇದದಲ್ಲಿ, ತಪ್ಪು ಸಂಪೂರ್ಣವಾಗಿ ನನ್ನದು, ಆತುರದಲ್ಲಿ ಆದದ್ದು, ಆ ಮಗುವಿಗೂ ತಾಯಿಗೂ ನನ್ನಿಂದ ಸಂಕಟವಾಯಿತು ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ತಮಾಷೆಯಿರಲಿಲ್ಲ. ಎರಡನೆಯದರಲ್ಲಿ, ನೋಟಿಸಿನಲ್ಲಿ ಹೆಸರಿಸಿದ ಶ್ರೀಮಾನರು ಈ ಶಾಲೆಯಲ್ಲಿ ಯಾರೂ ಇಲ್ಲವಾದ್ದರಿಂದ, ಮೊದಲು ನನ್ನನ್ನು ಹೆಣ್ಣೆಂದು ತಿದ್ದಿಕೊಳ್ಳಲು ಯಾವ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು, ತಿದ್ದುಪಡಿಯ ಅವಧಿ ಇದೆಯೇ, ದಯವಿಟ್ಟು ತಿಳಿಸಬೇಕು ಎಂದು ವಿನಂತಿಸಿಕೊಂಡೆ.

ಅದಕ್ಕೆ ಉತ್ತರ ಬರಲಿಲ್ಲ. ಮುಂದಿನ ವರ್ಷ ನಿವೃತ್ತಿಯ ಆದೇಶ ಬಂದಾಗ ಎಲ್ಲಕ್ಕಿಂತ ಮೊದಲು ಹೆಸರು ನೋಡಿದೆ. "ಶ್ರೀಮತಿ" ಎಂದು ಸರಿಯಾಗಿಯೇ ಇತ್ತು. ಯಾರೋ ಸದ್ದಿಲ್ಲದೆ ತಿದ್ದಿದ್ದರು.